ನಲವತ್ತಾದ ಮೇಲೆ ಪೌಷ್ಟಿಕತೆಯ ಕೆಲಸ: ನಂಬಿಕೆ ಏನು, ನಿಜ ಏನು

ನಂಬಿಕೆ: ಇಪ್ಪತ್ತು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದವರು ಪೌಷ್ಟಿಕತೆಯನ್ನು ಬೇರೆ ಕಲಿಯಬೇಕೇ?

ಕಲಿಯಲೇಬೇಕು. ಆದರೆ ಆ ಇಪ್ಪತ್ತು ವರ್ಷ ವ್ಯರ್ಥವೂ ಅಲ್ಲ. ಆಹಾರತಜ್ಞರ ಕೆಲಸ ಶುರುವಾಗುವುದೇ ‘ನೆನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ಉಂಡ್ರಿ?’ ಎಂಬ ಪ್ರಶ್ನೆಯಿಂದ. ‘ಒಂದು ಮುದ್ದೆ, ಬಸ್ಸಾರು’ ಎಂಬ ಉತ್ತರ ಬಂದರೆ, ಮುದ್ದೆ ಎಷ್ಟು ದಪ್ಪ, ಕಾಳು ಹಾಕಿತ್ತೋ ಬರೀ ಸೊಪ್ಪೋ, ಪಲ್ಯ ಅಡುಗೆ ಮಾಡಿದವಳ ತಟ್ಟೆಗೂ ಬಿತ್ತೋ ಗಂಡ-ಮಕ್ಕಳಿಗೇ ಮುಗಿಯಿತೋ ಎಂದು ಕೆದಕಬೇಕು. ಮಂಡ್ಯ ಜಿಲ್ಲೆಯ ಸಂತೆಬಾಚಹಳ್ಳಿಯ ಗೃಹಿಣಿಗೆ ಈ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ. ಪಟ್ಟಣದಲ್ಲಿ ಬೆಳೆದ ಪದವೀಧರೆ ಕಲಿತು ಕೇಳಬೇಕು.

ಉತ್ತರ ಸಿಕ್ಕ ಮೇಲೆ ಮಾತ್ರ ಅನುಭವವೊಂದೇ ಸಾಲದು. ಸೊಪ್ಪು, ಕಾಳು ಎಲ್ಲರಿಗೂ ಒಳ್ಳೆಯದೆಂದು ನಂಬಿದ್ದೇವೆ. ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಅವೇ ಅಪಾಯ ತರಬಹುದು. ಅಂಥವರಿಗೆ ಸೊಪ್ಪನ್ನು ಬೇಯಿಸಿ, ನೀರು ಬಸಿದು ಚೆಲ್ಲಿ ಎಂದು ಹೇಳುವುದುಂಟು, ಏಕೆಂದರೆ ಪೊಟ್ಯಾಸಿಯಂನ ಒಂದು ಪಾಲು ನೀರಿಗೆ ಇಳಿಯುತ್ತದೆ. ನಮ್ಮಲ್ಲಿ ಆ ಬಸಿದ ನೀರೇ ಬಸ್ಸಾರು! ಅಡುಗೆಮನೆ ಮಾತ್ರ ಬಲ್ಲವರಿಗೆ ಪೊಟ್ಯಾಸಿಯಂ ಗೊತ್ತಿರದು, ಪುಸ್ತಕ ಮಾತ್ರ ಓದಿದವರಿಗೆ ಬಸ್ಸಾರು ಗೊತ್ತಿರದು. ಎರಡನ್ನೂ ಬಲ್ಲವರು ನಮ್ಮ ಹಳ್ಳಿಗಳಿಗೆ ಬೇಕಾಗಿದ್ದಾರೆ.

ರಾಗಿಯದೂ ಇದೇ ಕಥೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ 10ರ ಆಸುಪಾಸು. ಹಾಗೆಂದು ಸಕ್ಕರೆ ಕಾಯಿಲೆಯವರು ಎಷ್ಟು ಮುದ್ದೆ ಬೇಕಾದರೂ ನುಂಗಬಹುದು ಎಂದಲ್ಲ. ರಾಗಿಯ ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟ್. ಬೆಲ್ಲದ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲ. ನಮ್ಮ ಬೆಲ್ಲದ ಮೇಲೆ ನನಗೂ ಅಭಿಮಾನವಿದೆ, ಆದರೆ ಅದು ರಕ್ತದ ಸಕ್ಕರೆಯನ್ನು ಏರಿಸದು ಎಂದು ರೋಗಿಗೆ ಹೇಳುವುದು ದ್ರೋಹ.

ನಂಬಿಕೆ: ಆನ್‌ಲೈನ್ ಕೋರ್ಸ್ ಮುಗಿಸಿದರೆ ಡಯೆಟಿಷಿಯನ್ ಬೋರ್ಡು ಹಾಕಬಹುದು.

ನಡುವಯಸ್ಸಿನವರು ಹೆಚ್ಚು ದುಡ್ಡು ಕಳೆದುಕೊಳ್ಳಬಹುದಾದ ಜಾಗ ಇದು. 2021ರ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಆಹಾರತಜ್ಞರೂ ಪೌಷ್ಟಿಕತಜ್ಞರೂ ಸೇರಿದ್ದಾರೆ. ಆ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಪಟ್ಟಿಯಲ್ಲಿ ಆಹಾರ ಮತ್ತು ಪೌಷ್ಟಿಕ ವಿಜ್ಞಾನವೂ ಇದೆ. ‘ಮನೆಯಲ್ಲೇ ಕೂತು ಡಿಗ್ರಿ’ ಎಂಬ ಜಾಹೀರಾತು ಕಂಡರೆ ಹಣ ಕಟ್ಟುವ ಮೊದಲು ಯುಜಿಸಿಯ ಈ ಸೂಚನೆಯ ಬಗ್ಗೆ ಕೇಳಿ. ತರಗತಿಗೇ ಹೋಗುವುದಾದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆಯ ವಿಭಾಗವೇ ಇದೆ.

ನಂಬಿಕೆ: ಏನೂ ಆಗದಿದ್ದರೆ ಅಂಗನವಾಡಿ ಇದ್ದೇ ಇದೆ.

ಇಲ್ಲ. ಅಂಗನವಾಡಿ ನೇಮಕಕ್ಕೆ ಸಾಮಾನ್ಯ ವಯೋಮಿತಿ 35. ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ಆಶಾ ಕಾರ್ಯಕರ್ತೆಯ ಕೆಲಸ ಹತ್ತಿರದ ದಾರಿ: ಮಾರ್ಗಸೂಚಿಯಲ್ಲಿ ವಯಸ್ಸು 25ರಿಂದ 45, ಅದೇ ಊರಿನವರಾಗಿರಬೇಕು. ಬಾಣಂತಿಯ ಊಟ, ಕೂಸಿನ ಎದೆಹಾಲು, ಮೇಲಾಹಾರದ ಮಾತನ್ನು ಮನೆಬಾಗಿಲಿಗೆ ಒಯ್ಯುವವರು ಅವರೇ.

ನಂಬಿಕೆ: ಖಾದರ್ ವಲಿ ಅವರು ವೃತ್ತಿ ಬಿಟ್ಟು ಬಂದು ಸಿರಿಧಾನ್ಯದ ಮಾತು ಹೇಳಲಿಲ್ಲವೇ, ನಾವೂ ಹೇಳೋಣ.

ಅವರು ವಿಜ್ಞಾನಿ. ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದಲ್ಲಿ ಕೆಲಸ ಮಾಡಿ, ಆಮೇಲೆ ಮೈಸೂರಿಗೆ ಬಂದು ನೆಲೆಸಿದವರು. 2023ರಲ್ಲಿ ಪದ್ಮಶ್ರೀ ಬಂತು. ಓದು ಬಂದದ್ದು ಮೊದಲು, ಸಿರಿಧಾನ್ಯದ ಮಾತು ಆಮೇಲೆ.

ಸಲಹೆಯ ಗೋಜೇ ಬೇಡ, ರಾಗಿ ಮಾಲ್ಟ್, ಹುರಿಹಿಟ್ಟು ಮಾಡಿ ಮಾರುತ್ತೇನೆ ಎನ್ನುವವರಿಗೆ ಪದವಿ ಬೇಕಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಪೊಟ್ಟಣದ ಮೇಲೆ ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂದು ಅಚ್ಚು ಹಾಕಿಸುವುದು ಕಾನೂನಿನ ಪ್ರಕಾರ ತಪ್ಪು.