ಕೈ ಹಿಡಿದರೆ ಮಾತ್ರ ನಿಲ್ಲುವ ಬಸ್ಸು, ಒತ್ತಿದರೆ ಮಾತ್ರ ಏಳುವ ಪಟ್ಟಿ

ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ತಾಲೂಕು ಕಚೇರಿಗೆ ಕೊಡುವ ಅರ್ಜಿ. ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಇದೇ ಕೆಲಸ. ಅಂಥ ಅಂಗಡಿಯಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: “ಜಾಗ ಉಳಿಯಲಿ ಅಂತ ಟಾಸ್ಕ್‌ಬಾರ್ ಅಡಗಿಸಿಟ್ಟಿದ್ದೇನೆ. ಕೋರೆಲ್‌ನಲ್ಲಿ ಕೆಳಗೆ ಎರಡನೇ ಪುಟಕ್ಕೆ ಕ್ಲಿಕ್ ಮಾಡಲು ಹೋದರೆ ಅದೇ ಎದ್ದು ಅಡ್ಡ ಬರುತ್ತದೆ. ಇದಕ್ಕೆ ಮದ್ದಿಲ್ಲವಾ ಸರ್?”

ಮದ್ದಿದೆ. ಆದರೆ ಎಲ್ಲ ಕಂಪ್ಯೂಟರಿನಲ್ಲೂ ಇಲ್ಲ ಎಂಬುದೇ ಬೇಸರದ ಸಂಗತಿ.

ಜಾಗದ ಆಸೆ ನ್ಯಾಯವಾದದ್ದೇ. 1366×768 ಪಿಕ್ಸೆಲ್ ಪರದೆಯಲ್ಲಿ ವಿಂಡೋಸ್ 10ರ ಟಾಸ್ಕ್‌ಬಾರ್ (ಪರದೆಯ ತಳದ ಪಟ್ಟಿ) 40 ಪಿಕ್ಸೆಲ್ ಎತ್ತರ ನುಂಗುತ್ತದೆ, ಅಂದರೆ ನೂರಕ್ಕೆ ಐದು ಪಾಲು. ಒತ್ತಕ್ಷರಗಳು ಕೆಳಗೆ ಇಳಿಬೀಳುವ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕಾಗುವುದರಿಂದ ಈ ನಷ್ಟ ನಮಗೆ ಇನ್ನಷ್ಟು ಕಾಣುತ್ತದೆ. ಪಟ್ಟಿಯನ್ನು ಅಡಗಿಸುವ ಸೌಲಭ್ಯ 1995ರಲ್ಲಿ ವಿಂಡೋಸ್ 95ರ ಟಾಸ್ಕ್‌ಬಾರ್ ಜೊತೆಗೇ ಬಂತು. ಕರ್ಸರ್ ಪರದೆಯ ಅಂಚು ಮುಟ್ಟಿದರೆ ಪಟ್ಟಿ ಏಳುತ್ತದೆ, ಸರಿದರೆ ಮುಳುಗುತ್ತದೆ.

ಅಂಚನ್ನೇ ಏಕೆ ಆರಿಸಿದರು? ಇದಕ್ಕೆ ಉತ್ತರ ಕಂಪ್ಯೂಟರ್ ಮೌಸ್ ಹುಟ್ಟುವ ಮೊದಲೇ ಸಿಕ್ಕಿತ್ತು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ 16 ಜನರನ್ನು ಕೂರಿಸಿ, ಲೋಹದ ಎರಡು ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ಬೇಗ ಬೇಗ ಮುಟ್ಟಿಸಿದರು. ಪಟ್ಟಿಗಳ ನಡುವಿನ ದೂರವನ್ನು 2ರಿಂದ 16 ಇಂಚಿನವರೆಗೆ, ಅಗಲವನ್ನು ಕಾಲು ಇಂಚಿನಿಂದ 2 ಇಂಚಿನವರೆಗೆ ಬದಲಿಸಿದರು. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಕೈಗೆ ಸಮಯ ಹೆಚ್ಚು ಬೇಕು. ದೂರ, ಅಗಲ ಎರಡನ್ನೂ ಇಮ್ಮಡಿ ಮಾಡಿದರೆ ಸಮಯ ಹೆಚ್ಚುಕಡಿಮೆ ಅಷ್ಟೇ. ಮೌಸ್‌ಗೂ ಇದು ಒಪ್ಪುತ್ತದೆಂದು 1978ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದ ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ತೋರಿಸಿದರು. ಈ ಇಂಗ್ಲಿಷ್ ಅವರೇ ಮೌಸ್‌ನ ಜನಕ ಎಂಗೆಲ್‌ಬಾರ್ಟ್ ಜೊತೆಗೂಡಿ ಮೊದಲ ಮೌಸ್ ತಯಾರಿಸಿದವರು.

ಪರದೆಯ ಅಂಚಿನಲ್ಲಿ ಕರ್ಸರ್ ತಾನಾಗಿ ನಿಲ್ಲುತ್ತದೆ. ಎಷ್ಟು ಜೋರಾಗಿ ತಳ್ಳಿದರೂ ಗುರಿ ದಾಟಿ ಹೋಗುವ ಭಯವಿಲ್ಲ. ಅಲ್ಲಿರುವ ಎರಡು ಪಿಕ್ಸೆಲ್ ಪಟ್ಟಿಯೂ ಕೈಯ ಲೆಕ್ಕದಲ್ಲಿ ಬಲು ಅಗಲ. ಹಾಗಾಗಿಯೇ ಕೋರೆಲ್‌ನ ಪುಟ, ಎಕ್ಸೆಲ್‌ನ ಶೀಟ್, ಟಾಸ್ಕ್‌ಬಾರ್ ಎಲ್ಲಕ್ಕೂ ಅಂಚೇ ಬೇಕು. ಬೆಲೆಬಾಳುವ ಒಂದೇ ಜಾಗಕ್ಕೆ ಹಲವು ವಾರಸುದಾರರು. ಮೌಸ್ ಹಿಡಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ. ವಿಮಾನ ಅಪಘಾತಗಳಿಗೆ ಹಲವು ಸಲ ಚಾಲಕನ ಅಜಾಗರೂಕತೆ ಕಾರಣವಲ್ಲ, ಹಿಡಿಕೆಗಳನ್ನು ಜೋಡಿಸಿದ ರೀತಿಯೇ ಕಾರಣ ಎಂದು ಇದೇ ಫಿಟ್ಸ್ 1947ರಲ್ಲೇ ಬರೆದಿದ್ದರು.

ಮೊದಲು ಹೊಳೆಯುವ ಪರಿಹಾರ ವಿಳಂಬ: ಕರ್ಸರ್ ಅಂಚಿಗೆ ಬಂದ ಮೇಲೆ ಸ್ವಲ್ಪ ಕಾದು ಪಟ್ಟಿ ತೋರಿಸುವುದು. ನನಗೆ ಇದು ಅರೆಬರೆ ಎನಿಸುತ್ತದೆ. ಕಾಯುವ ಹೊತ್ತು ಕಡಿಮೆಯಾದರೆ ಪಟ್ಟಿ ಮೊದಲಿನಂತೆಯೇ ಅಡ್ಡ ಬರುತ್ತದೆ, ಹೆಚ್ಚಾದರೆ ಬೇಕಾದಾಗಲೂ ಬರುವುದಿಲ್ಲ. ಸಮಯವನ್ನು ಅಳೆದರೆ ಮನಸ್ಸಿನಲ್ಲಿರುವುದು ತಿಳಿಯದು.

ಬಂಟ್ವಾಳ–ಮೂಡುಬಿದಿರೆ ದಾರಿಯ ಸರ್ವಿಸ್ ಬಸ್ಸನ್ನೇ ನೋಡಿ. ಸಿದ್ಧಕಟ್ಟೆ ಪೇಟೆಯಲ್ಲಿ ರಸ್ತೆ ಬದಿ ಹತ್ತಾರು ಜನ ನಿಂತಿರುತ್ತಾರೆ. ಮಾತಾಡುತ್ತಿರುವವರಿದ್ದಾರೆ, ರಸ್ತೆ ದಾಟುವವರಿದ್ದಾರೆ, ಬೇರೆ ಬಸ್ಸಿಗೆ ಕಾಯುವವರಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂಬುದು ಡ್ರೈವರ್‌ಗೆ ಬೇಡ. ಕೈ ಅಡ್ಡ ಹಿಡಿದವರಿಗೆ ಬ್ರೇಕ್ ಹಾಕುತ್ತಾರೆ. ಮೈ ಕೆರೆದುಕೊಳ್ಳಲು ಎತ್ತಿದ ಕೈಗೂ ಬಸ್ಸಿಗೆ ಹಿಡಿದ ಕೈಗೂ ವ್ಯತ್ಯಾಸ ದೂರದಿಂದಲೇ ತಿಳಿಯುತ್ತದೆ.

ಕರ್ಸರ್ ಹೀಗೆ ಕೈ ಹಿಡಿಯುವುದೆಂದರೆ ಅಂಚನ್ನು ಒತ್ತುವುದು. ಪರದೆಯ ಮೇಲೆ ಕರ್ಸರ್ ನಿಂತುಹೋದರೂ ಮೇಜಿನ ಮೇಲೆ ಮೌಸ್ ಇನ್ನೂ ಚಲಿಸುತ್ತಿರಬಹುದು. ಆ ವ್ಯರ್ಥ ಚಲನೆಯನ್ನು ಹಿಂದೆ ಎಸೆಯುತ್ತಿದ್ದರು. ಅದನ್ನೇ ಒತ್ತಡವೆಂದು ಕೂಡಿಸಿ ನೋಡಿದ್ದು ದೊಡ್ಡ ಹೆಜ್ಜೆ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ತನ್ನ ಮೂಲೆಯನ್ನು ಎಚ್ಚರಿಸಲು ಒಂದು ಸೆಕೆಂಡಿನೊಳಗೆ 100 ಪಿಕ್ಸೆಲ್‌ನಷ್ಟು ಒತ್ತಡ ಕೇಳುತ್ತದೆ. ಒಂದು ಸಲದ ಚಲನೆಯಿಂದ 15 ಪಿಕ್ಸೆಲ್‌ಗಿಂತ ಹೆಚ್ಚು ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ರಭಸದಿಂದ ಬಂದು ಬಡಿದ ಮಾತ್ರಕ್ಕೆ ಏನೂ ಆಗದು. ಅಂಚಿನತ್ತ ಒತ್ತುವುದಕ್ಕಿಂತ ಅಂಚಿನುದ್ದಕ್ಕೆ ಸವರುವುದೇ ಹೆಚ್ಚಾಗಿದ್ದರೆ ಆ ಚಲನೆಯನ್ನು ಬಿಟ್ಟೇಬಿಡುತ್ತದೆ. ಇಷ್ಟು ಚಿಕ್ಕ ಲೆಕ್ಕದಲ್ಲಿ ಇಷ್ಟು ವಿವೇಕ ತುಂಬಿದವರ ಬಗ್ಗೆ ನನಗೆ ತುಂಬು ಗೌರವ.

ಲಿನಕ್ಸ್ ಆಧಾರಿತ ಉಬುಂಟು 2011ರಲ್ಲಿ ತನ್ನ ಎಡಬದಿಯ ಪಟ್ಟಿಯನ್ನು ತಾನಾಗಿ ಅಡಗುವಂತೆಯೇ ಕೊಟ್ಟಿತ್ತು. 2012ರ ಏಪ್ರಿಲ್‌ನ ಆವೃತ್ತಿಯಲ್ಲಿ ಪಟ್ಟಿ ಸದಾ ಕಾಣುವಂತೆ ಮಾಡಿ, ಅಡಗಿಸಬಯಸುವವರಿಗೆ ಎಷ್ಟು ಒತ್ತಿದರೆ ಏಳಬೇಕೆಂದು ತಾವೇ ನಿಗದಿ ಮಾಡುವ ಅವಕಾಶ ಕೊಟ್ಟರು. ತೆರೆದ ವಿಂಡೋ ತಾಗಿದಾಗ ಮಾತ್ರ ಅಡಗುವ ಪಟ್ಟಿ ಲಿನಕ್ಸ್‌ನ ಇತರ ಡೆಸ್ಕ್‌ಟಾಪ್‌ಗಳಾದ ಎಕ್ಸ್‌ಎಫ್‌ಸಿಇಯಲ್ಲಿ 2015ರಲ್ಲೂ ಕೆಡಿಇ ಪ್ಲಾಸ್ಮಾದಲ್ಲಿ 2024ರಲ್ಲೂ ಬಂತು.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಒತ್ತಡದ ಆಯ್ಕೆ ಇಲ್ಲ. ವಿಂಡೋಸ್ 10ರಲ್ಲಿ ಪಟ್ಟಿಯನ್ನು ಎಡಬದಿಗಾದರೂ ಎಳೆದಿಡಬಹುದು. ಅಗಲ ಪರದೆಯಲ್ಲಿ ಅದೇ ಮೇಲು. 2021ರಲ್ಲಿ ವಿಂಡೋಸ್ 11 ಬಂದಾಗ ಆ ಅನುಕೂಲವನ್ನೂ ತೆಗೆದದ್ದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ಇಷ್ಟು ಹೇಳಬಲ್ಲೆ: ಕೋರೆಲ್‌ನಲ್ಲಿ ಪುಟ ಬದಲಿಸಲು ಪೇಜ್ ಡೌನ್, ಎಕ್ಸೆಲ್‌ನಲ್ಲಿ ಶೀಟ್ ಬದಲಿಸಲು ಕಂಟ್ರೋಲ್ ಜೊತೆ ಪೇಜ್ ಡೌನ್ ಒತ್ತಿ. ಮೌಸ್ ಅಂಚಿಗೆ ಹೋಗಬೇಕಾದ ಪ್ರಮೇಯವೇ ಇಲ್ಲ. ಟಾಸ್ಕ್‌ಬಾರ್ ಬೇಕಾದಾಗ ವಿಂಡೋಸ್ ಕೀಲಿ ಒತ್ತಿದರೆ ಸಾಕು.

ಕನ್ನಡ ಟೈಪ್ ಮಾಡುವವರಿಗೆ ಪಟ್ಟಿ ಅಡಗಿದರೆ ಇನ್ನೊಂದು ತೊಡಕಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಮನೆಮಾತಾದ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿಯೇ ‘ಕ’. ಭಾಷೆ ಬದಲಾದರೂ ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣೇ ನೋಡಬೇಕು. ವಿಂಡೋಸ್‌ನದೇ ಕನ್ನಡ ಕೀಲಿಮಣೆ ಬಳಸುವವರಿಗೆ ಈಗ ಯಾವ ಭಾಷೆ ಎಂಬ ಗುರುತು ಇರುವುದು ಟಾಸ್ಕ್‌ಬಾರ್‌ನ ಬಲತುದಿಯಲ್ಲಿ. ಅದು ಅಡಗಿದ್ದಾಗ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಿದರೆ ಭಾಷೆಗಳ ಪಟ್ಟಿ ಪರದೆಯ ಮೇಲೇ ಕಾಣುತ್ತದೆ. ಆಪಲ್ 2023ರ ಮ್ಯಾಕ್ ಓಎಸ್ ಸೋನೋಮಾದಲ್ಲಿ ಭಾಷೆಯ ಗುರುತನ್ನು ಬರೆಯುವ ಜಾಗದ ಪಕ್ಕಕ್ಕೇ ತಂದಿಟ್ಟಿದೆ.