ಬೆಳಿಗ್ಗೆ ಊದುವ ಕಣ್ಣು, ಹನ್ನೆರಡು ವಾರದ ಮಾತ್ರೆ

ಬೆಳಿಗ್ಗೆ ಎದ್ದ ಮಗುವಿನ ಕಣ್ಣಿನ ಸುತ್ತ ಬಾವು. ಹುಳ ಕಚ್ಚಿರಬೇಕು, ಅಲರ್ಜಿ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅದು ಇಳಿದೂ ಹೋಗುತ್ತದೆ. ಸಂಜೆ ಮಗುವಿನ ಕಾಲು ನೋಡಬೇಕು. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತದೆ. ಮೂತ್ರ ನೊರೆನೊರೆಯಾಗಿರುತ್ತದೆ. ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಲ್ಲಿ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು ಕಾಣುವ ನೆಫ್ರಾಟಿಕ್ ಸಿಂಡ್ರೋಮ್ ಹೀಗೆ ಶುರುವಾಗುತ್ತದೆ. ಬಂಟ್ವಾಳವಾಗಲಿ, ಬೆಳ್ತಂಗಡಿಯಾಗಲಿ, ಮೂಡುಬಿದಿರೆಯಾಗಲಿ, ಊರಿನ ಲ್ಯಾಬಿನಲ್ಲೇ ಆಗುವ ಮೂತ್ರ ಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ.

ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ನಾಳಗಳ ಹೊರಮೈಗೆ ಪೊಡೊಸೈಟ್ ಎಂಬ ಜೀವಕೋಶಗಳು ಕಾಲು ಚಾಚಿ ಹಿಡಿದುಕೊಂಡಿರುತ್ತವೆ. ಆ ಕಾಲುಗಳ ನಡುವಿನ ಸಂದಿಯನ್ನು ಕಾಯುವ ನೆಫ್ರಿನ್ ಎಂಬ ಪ್ರೋಟೀನ್ 1998ರಲ್ಲಿ ಪತ್ತೆಯಾಯಿತು. ಈ ಕಾಯಿಲೆಯಲ್ಲಿ ಕಾಲುಗಳು ಚಪ್ಪಟೆಯಾಗಿ, ರಕ್ತದ ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಾಗ ನೀರು ಮೈಯ ಅಂಗಾಂಶಗಳಲ್ಲಿ ತುಂಬುತ್ತದೆ. ಕೆಲವು ಮಕ್ಕಳಲ್ಲಿ ದೇಹವೇ ನೆಫ್ರಿನ್ ವಿರುದ್ಧ ಪ್ರತಿಕಾಯ ತಯಾರಿಸುವುದು ಈಚಿನ ವರ್ಷಗಳಲ್ಲಿ ಗೊತ್ತಾಗಿದೆ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಲ್ಲೊಂದು ಉತ್ತರವಿದೆ.

ಕೆಲಸವಂತೂ ಮಾಡುತ್ತದೆ. ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಬರುವ ಮೊದಲು ಈ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ, ಮುಖ್ಯವಾಗಿ ಸೋಂಕಿನಿಂದ, ಸಾಯುತ್ತಿದ್ದರು. ಇಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ನೂರರಲ್ಲಿ 85–90 ಮಕ್ಕಳು ಸ್ಪಂದಿಸುತ್ತಾರೆ, ಹೆಚ್ಚಿನವರಲ್ಲಿ ನಾಲ್ಕು ವಾರದೊಳಗೆ ಪ್ರೋಟೀನ್ ಸೋರಿಕೆ ನಿಲ್ಲುತ್ತದೆ. ಮೊದಲ ಸಲ 6 ವಾರ ದಿನಾಲೂ, ಮತ್ತೆ 6 ವಾರ ದಿನ ಬಿಟ್ಟು ದಿನ ಮಾತ್ರೆ ಕೊಡುವುದು ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ 2021ರ ಮಾರ್ಗಸೂಚಿ.

ತೊಂದರೆ ಆಗುವುದು ನಡುವೆ. ಎರಡು ವಾರಕ್ಕೆ ಬಾವು ಇಳಿಯುತ್ತದೆ, ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಮಗು ಹಠ ಮಾಡುತ್ತದೆ. 'ಅಯ್ಯೋ ಸ್ಟೀರಾಯ್ಡಾ' ಎನ್ನುವ ನೆಂಟರು ಬೇರೆ. ಗಾಬರಿಯಿಂದ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆದರೆ ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ದೇಹದಲ್ಲಿ ಅಡ್ರಿನಲ್ ಗ್ರಂಥಿ ತನ್ನ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸುವುದು ಅಪಾಯ. ಮುಖದ ದುಂಡು ಡೋಸ್ ಇಳಿದಂತೆ ಇಳಿಯುತ್ತದೆ. ಹೆಚ್ಚು ದಿನ ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬುದೂ ಸರಿಯಲ್ಲ. ದೆಹಲಿಯ ಏಮ್ಸ್ ನೇತೃತ್ವದ 2015ರ ಅಧ್ಯಯನದಲ್ಲಿ ಮೊದಲ ಚಿಕಿತ್ಸೆಯನ್ನು ಮೂರು ತಿಂಗಳಿಂದ ಆರಕ್ಕೆ ಎಳೆದರೂ ಕಾಯಿಲೆಯ ಗತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಸ್ಪಂದಿಸಿದ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಕಾಯಿಲೆ ಮರುಕಳಿಸುತ್ತದೆ. ಹೆಚ್ಚಾಗಿ ನೆಗಡಿ, ಜ್ವರದ ಬೆನ್ನಿಗೆ. ಇದಕ್ಕೆ ಮನೆಯಲ್ಲೇ ಪರೀಕ್ಷೆ ಇದೆ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಕೆಲವು ಹನಿ ಬಿಡಬೇಕು. ಕೊಳವೆಯ ಹಿಂದೆ ಪತ್ರಿಕೆಯ ಅಕ್ಷರ ಓದಲು ಬಂದರೆ ಪ್ರೋಟೀನ್ ಕಡಿಮೆ, ಕಾಣದಷ್ಟು ಬಿಳಿಚಿದರೆ 3+, ಮೊಸರಿನಂತೆ ಒಡೆದರೆ 4+. ಪಟ್ಟಿ ಅದ್ದಿ ಬಣ್ಣ ನೋಡಿದರೂ ಆದೀತು. ಸತತ ಮೂರು ದಿನ 3+ ಬಂದರೆ ಮರುಕಳಿಕೆ. ಬಾವು ಬರುವ ಮೊದಲೇ ಇದು ತಿಳಿಯುತ್ತದೆ. ಚಾರ್ಮಾಡಿ ಬುಡದ ಹಳ್ಳಿಯಿಂದ ಮಂಗಳೂರಿಗೆ ಬಂದು ಹೋಗಲು ಇಡೀ ದಿನ, ಒಂದು ದಿನದ ಕೂಲಿ ಬೇಕಾದ ಮನೆಯವರಿಗೆ ಈ ಕೊಳವೆ, ಫಲಿತಾಂಶ ಬರೆದಿಡುವ ಒಂದು ಡೈರಿಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಪಥ್ಯದ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಮೀನು, ಮೊಟ್ಟೆ, ಬೇಳೆ ನಿಲ್ಲಿಸಬೇಕಿಲ್ಲ. ಬಾವು ಇರುವಾಗ ಕಡಿಮೆ ಮಾಡಬೇಕಾದ್ದು ಉಪ್ಪು. ಅಂದರೆ ಗಂಜಿಯ ಜೊತೆಯ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪಿನ ಸೊಳೆ.

ಪದೇಪದೇ ಮರುಕಳಿಸಿದರೆ ಸ್ಟೀರಾಯ್ಡನ್ನೇ ನೆಚ್ಚುವಂತಿಲ್ಲ. ಎತ್ತರ ಕುಂಠಿತವಾಗಬಹುದು, ಕಣ್ಣಿನ ಪೊರೆ, ರಕ್ತದೊತ್ತಡ ಬರಬಹುದು. ಆಗ ಲೆವಾಮಿಸೋಲ್, ಮೈಕೊಫೆನೊಲೇಟ್‌ನಂಥ ಔಷಧಗಳಿವೆ. ಸ್ಟೀರಾಯ್ಡಿಗೆ ಸ್ಪಂದಿಸದ ಮಕ್ಕಳಿಗೆ ಬಯಾಪ್ಸಿ, ಬೇರೆ ಚಿಕಿತ್ಸೆ ಬೇಕು. ಮೂತ್ರಪಿಂಡ ವೈಫಲ್ಯದ ಭಯ ಇರುವುದು ಮುಖ್ಯವಾಗಿ ಅವರಿಗೆ. ಸ್ಪಂದಿಸಿದವರಲ್ಲಿ ಅದು ತೀರಾ ಅಪರೂಪ.

ಜ್ವರದ ಜೊತೆ ಹೊಟ್ಟೆನೋವು ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ, ಹೊಟ್ಟೆಯೊಳಗಿನ ನೀರಿಗೆ ಸೋಂಕು ತಗುಲಿರಬಹುದು. ಚಿಕನ್‌ಪಾಕ್ಸ್ ಇರುವವರ ಸಂಪರ್ಕವಾದರೂ ವೈದ್ಯರಿಗೆ ಕೂಡಲೇ ತಿಳಿಸಿ. ಡೈರಿಯನ್ನೂ ಔಷಧದ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಯಾವ ಆಸ್ಪತ್ರೆಗೆ ಹೋದರೂ, ಮಗು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದೆ ಎಂದು ಮೊದಲು ಹೇಳಿ.