ಕಡಲ ಹುಳುವಿನ ಕುಲನಿರ್ಣಯ

ಯಾದಗಿರಿ, ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿರುವ ನಮಗೆ ಕಡಲು ದೂರವಾದರೂ, ಕಡಲ ಬಿರುಗೂದಲ ಹುಳು ತೀರ ಪರಕೀಯವಲ್ಲ. ಅದು ನಮ್ಮ ಎರೆಹುಳುವಿನ ದೂರದ ಬಂಧು. ಎರಡರ ಮೈಯೂ ಉಂಗುರಗಳಿಂದಾದುದು. ಆದರೆ ಎರೆಹುಳುವಿಗೆ ಚಿಕ್ಕ ಬಿರುಗೂದಲುಗಳಷ್ಟೇ ಉಂಟು. ಕಡಲಿನದಕ್ಕೆ ಪ್ರತಿ ಪಕ್ಕದಲ್ಲಿಯೂ ದೋಣಿಯ ಹುಟ್ಟಿನಂಥ ಕಾಲುಗಳು, ಅವುಗಳಲ್ಲಿ ಕೂದಲ ಗೊಂಚಲುಗಳು.

ಲಿನೀಯಸನು 1758ರಲ್ಲಿ ನೆರೀಸ್ ಕುಲವನ್ನೂ, ಕಿನ್‌ಬರ್ಗನು 1865ರಲ್ಲಿ ಅದಕ್ಕೆ ಹತ್ತಿರದ ಪೆರಿನೆರೀಸ್ ಕುಲವನ್ನೂ ಹೆಸರಿಸಿದರು. ಹೊರನೋಟಕ್ಕೆ ಎರಡೂ ಒಂದೇ. ಭೇದವಿರುವುದು ಹೊರಚಾಚುವ ಗಂಟಲಿನ ಸೂಕ್ಷ್ಮ ಹಲ್ಲುಗಳಲ್ಲಿ: ನೆರೀಸಿನವು ಶಂಕುವಿನಂತೆ ಮೊನೆಯುಳ್ಳವು, ಪೆರಿನೆರೀಸಿನಲ್ಲಿ ಕೆಲವು ಅಡ್ಡಪಟ್ಟಿಗಳಂತಿರುವುವು. ಆದುದರಿಂದ ಗಂಟಲನ್ನು ಪರೀಕ್ಷಿಸದೆ ನಾವು ಹೆಸರಿಡಲಾಗದು. ಹೆಸರು ತಪ್ಪಿದರೆ, ಆ ಹುಳುವಿನ ವಾಸ, ಆಹಾರ, ಸಂತಾನಗಳನ್ನು ಕುರಿತು ಕಲೆಹಾಕಿದ ಜ್ಞಾನವೆಲ್ಲವೂ ಬೇರೊಂದು ಜೀವಿಯ ಲೆಕ್ಕಕ್ಕೆ ಸೇರುವುದು.